ಬಾಗಿಲಲ್ಲಿ ಕೂತವರು

ಹೋದ ಶ್ರಾವಣದಲ್ಲಿ ಆನೆಕೊಂಡದ ಒಂದು ಬಾಡಿಗೆ ಕೋಣೆಯಲ್ಲಿ ನಮ್ಮ ಶಾಲೆಯ ಹಳೆಯ ಅಟೆಂಡರ್ ತೀರಿಕೊಂಡರು. ಸುದ್ದಿ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದೆ. ಕೈಮುಗಿದ ಚಿತ್ರಗಳು ಒಂದರ ಹಿಂದೊಂದು ಬಂದವು. ಯಾರೂ ಅವರ ಹೆಸರು ಬರೆದಿರಲಿಲ್ಲ. ‘ನಮ್ಮ ಅಕ್ಕಾರು ಹೋದರು’ ಎಂದಷ್ಟೇ ಇತ್ತು. ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಅವರಿಗೆ ಬೇರೆ ಹೆಸರಿತ್ತೆಂಬುದೇ ನಮಗೆ ನೆನಪಿರಲಿಲ್ಲ. ನಾನೂ ಇಲ್ಲಿ ಅಕ್ಕಾರು ಎಂದೇ ಕರೆಯುತ್ತೇನೆ.

ನಮ್ಮದು ದಾವಣಗೆರೆಯ ಸರಸ್ವತಿ ನಗರದ ಒಂದು ಖಾಸಗಿ ಪ್ರೌಢಶಾಲೆ. ಅಕ್ಕಾರು ಅಲ್ಲಿ ಗಂಟೆ ಹೊಡೆಯುತ್ತಿದ್ದರು, ಬೀಗ ತೆಗೆಯುತ್ತಿದ್ದರು, ಗೇಟು ಕಾಯುತ್ತಿದ್ದರು. ಕುಳ್ಳಗೆ ಗಟ್ಟಿಮುಟ್ಟಾದ ಹೆಂಗಸು. ಹಣೆಯಲ್ಲಿ ವಿಭೂತಿ, ಸೊಂಟಕ್ಕೆ ಬಿಗಿದ ಸೆರಗು, ಅದರೊಳಗೆ ಸಿಕ್ಕಿಸಿದ ಬೀಗದ ಕೈಗಳ ಗೊಂಚಲು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಮಾತು ಕಡಿಮೆ. ಆದರೆ ದುಡ್ಡಿನ ಮಾತು ಎಲ್ಲಿ ಬಂದರೂ ಅವರ ಕಿವಿ ನೆಟ್ಟಗಾಗುತ್ತಿತ್ತು. ಒಮ್ಮೆ ಹೊಸದಾಗಿ ಸೇರಿದ ಇಂಗ್ಲಿಷ್ ಮೇಡಂ ಬಡ್ಡಿಯಿಲ್ಲದ ಕಂತಿನಲ್ಲಿ ಫೋನು ಸಿಗುತ್ತದೆಂದು ಹಿಗ್ಗಿನಿಂದ ಹೇಳುತ್ತಿದ್ದರು. ಚಹಾದ ಲೋಟ ಎತ್ತಿಡುತ್ತಿದ್ದ ಅಕ್ಕಾರು ನಿಂತು, “ಬಡ್ಡಿ ಇಲ್ದಂಗೆ ಕೊಡ್ತಾರಾ ಮೇಡಂ? ಹಂಗಾದ್ರೆ ಅವರ ಮನ್ಯಾಗ ಒಲೆ ಹೆಂಗೆ ಉರೀತೈತೆ ಅಂತ ಒಂದ್ಮಾತು ಕೇಳ್ರಿ” ಎಂದು ಹೊರಟುಹೋದರು. ಮೇಡಂ ಫೋನು ಕೊಂಡರು. ಕೊಂಡ ಮೇಲೆ ಆರು ತಿಂಗಳು ಅದನ್ನು ಅಕ್ಕಾರ ಎದುರಿಗೆ ಪರ್ಸಿನಿಂದ ತೆಗೆಯಲಿಲ್ಲ.

ಗೇಟಿಗೆ ಬಂದವರ ಕಾಲು ನೋಡಿ ಅವರು ಯಾರೆಂದು ಹೇಳುವುದು ಅಕ್ಕಾರಿಗೆ ರೂಢಿ. “ಪಾಲಕರಾದ್ರೆ ಚಪ್ಪಲಿ ಧೂಳಾಗಿರ್ತಾವೆ. ವಸೂಲಿಯವ್ರಾದ್ರೆ ಬೂಟು ಹೊಳೀತಿರ್ತಾವೆ,” ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಬೂಟು ಹೊಳೆಯುವ ಒಬ್ಬ ನನ್ನನ್ನು ಹುಡುಕಿಕೊಂಡು ಬರುವವರೆಗೆ ನಾನೂ ನಗುತ್ತಿದ್ದೆ.

ನಾನು ಗಣಿತದ ಮೇಷ್ಟ್ರು. ಅವತ್ತಿಗೆ ನನ್ನ ಸಂಬಳ ಇಪ್ಪತ್ತಾರು ಸಾವಿರ, ಮನೆಪಾಠದಿಂದ ಇನ್ನೊಂದಿಷ್ಟು. ಗೆಳೆಯನೊಬ್ಬನ ಜೊತೆ ಸೇರಿ ಒಂದು ಕೋಚಿಂಗ್ ಸೆಂಟರ್ ತೆರೆದಿದ್ದೆ. ಅಡ್ವಾನ್ಸು, ಬೆಂಚು, ಬೋರ್ಡು, ಫ್ಯಾನು ಎಲ್ಲಕ್ಕೂ ಸಾಲ ನನ್ನ ಹೆಸರಲ್ಲೇ. ಹತ್ತೇ ತಿಂಗಳಿಗೆ ಗೆಳೆಯ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತೆಂದು ಹೋದ. ನಾನು ಬ್ಯಾಂಕಿನ ಕಂತಿಗೆ ಕ್ರೆಡಿಟ್ ಕಾರ್ಡಿನಿಂದ ತೆಗೆದೆ, ಕಾರ್ಡಿಗೆ ಫೋನಿನ ಆ್ಯಪ್‌ನಿಂದ ತೆಗೆದೆ, ಆ್ಯಪ್‌ನವರ ಕಾಟ ತಾಳಲಾರದೆ ಒಬ್ಬ ಟೈರ್ ಅಂಗಡಿಯವನ ಹತ್ತಿರ ಕೈಸಾಲ ಮಾಡಿದೆ. ಎಂಬತ್ತು ಸಾವಿರ. ತಿಂಗಳಿಗೆ ನೂರಕ್ಕೆ ಹತ್ತು ಬಡ್ಡಿ. ಸಹಿ ಮಾಡಿದ ಎರಡು ಖಾಲಿ ಚೆಕ್ಕು ಅವನ ಹತ್ತಿರ.

ಎರಡು ತಿಂಗಳು ಬಡ್ಡಿ ತಪ್ಪಿತು. ಮೂರನೇ ತಿಂಗಳ ಮೊದಲ ವಾರ ಶಾಲೆಯ ಎದುರಿನ ಬೇವಿನ ಮರದ ಕೆಳಗೆ ಒಬ್ಬ ಬೈಕು ನಿಲ್ಲಿಸಿಕೊಂಡು ನಿಂತ. ಜಗಳವಿಲ್ಲ, ಕೂಗಿಲ್ಲ. ಶೇಂಗಾ ಸುಲಿದು ತಿನ್ನುತ್ತಾ ಗೇಟನ್ನು ನೋಡುತ್ತಿದ್ದ. ಮಾರನೆಯ ದಿನವೂ ಬಂದ. ಅದರ ಮಾರನೆಯ ದಿನವೂ. ನಾಲ್ಕನೆಯ ದಿನ ನಾನು ಹೊರಗೆ ಹೋಗುವಾಗ ಹತ್ತಿರ ಬಂದು ಕೈಮುಗಿದ.

“ನಮಸ್ಕಾರ ಸರ. ಆರಾಮಾ? ಮಗಳು ಈಗ ಏಳನೇ ಕ್ಲಾಸ್ ಅಲ್ಲೇನ್ರಿ? ಬಾಳ ಶಾಣ್ಯಾ ಅದಾಳೆ ಅಂತ ಕೇಳೀನಿ.”

ಅಷ್ಟೇ ಹೇಳಿ ಬೈಕು ಹತ್ತಿ ಹೋದ. ನಾನು ಅಲ್ಲೇ ನಿಂತೆ. ಮಗಳ ತರಗತಿ ನಾನು ಅವನಿಗೆ ಹೇಳಿರಲಿಲ್ಲ.

ಹಿಂದಿನಿಂದ ಬೀಗದ ಕೈ ಸದ್ದಾಯಿತು. ಅಕ್ಕಾರು ಗೇಟಿನ ಒಳಗೆ ನಿಂತಿದ್ದರು. “ನಾಲ್ಕು ದಿನದಿಂದ ಅವನಿಗೆ ‘ಸರು ರಜಾ ಅದಾರೆ’ ಅಂತ ಹೇಳೀನಿ. ಇನ್ನ ನನ್ನ ಸುಳ್ಳು ನಡೆಯಲ್ಲ. ಒಳಗೆ ಬರ್ರಿ,” ಎಂದರು.

ಪ್ರಯೋಗಾಲಯದ ಪಕ್ಕದ ಸಾಮಾನು ಕೋಣೆಯ ಬೀಗ ತೆಗೆದು, ಒಂದು ಸ್ಟೂಲು ಸರಿಸಿ, “ಕೂಡ್ರಿ” ಎಂದರು. ತಾವು ಬಾಗಿಲಿಗೆ ಒರಗಿ ನಿಂತರು.

“ಎಷ್ಟೈತೆ ಸರ?”

“ಏನೋ... ಎರಡೂವರೆ, ಮೂರು ಲಕ್ಷ ಇರಬಹುದು.”

“ಅರ್ಧ ಹೇಳಿದ್ರಿ. ಉಳಿದರ್ಧ ಹೇಳ್ರಿ.”

ಅವರು ಕಪಾಟಿನಿಂದ ಹಳೆಯ ಪ್ರಶ್ನೆಪತ್ರಿಕೆ ತೆಗೆದು ಅದರ ಹಿಂಬದಿಯನ್ನು ನನ್ನ ಮುಂದಿಟ್ಟರು. “ಸಾಲ ಆದೋನು ಮೊದ್ಲು ತನಗೇ ಸುಳ್ಳು ಹೇಳ್ಕಂತಾನೆ ಸರ. ಆಮ್ಯಾಲೆ ಹೆಂಡ್ತಿಗೆ, ಆಮ್ಯಾಲೆ ಊರಿಗೆ. ಬರೀರಿ. ಯಾರ ಹತ್ರ, ಎಷ್ಟು ಉಳದೈತೆ, ತಿಂಗಳಿಗೆ ನೂರಕ್ಕೆ ಎಷ್ಟು ಬಡ್ಡಿ. ಒಂದೂ ಬಿಡಬ್ಯಾಡ್ರಿ. ಹತ್ತು ರೂಪಾಯಿದಿದ್ರೂ ಬರೀರಿ.”

ಬರೆದೆ. ಬ್ಯಾಂಕು ಎರಡು ಲಕ್ಷ ಅರವತ್ತು ಸಾವಿರ. ಕಾರ್ಡು ಎಪ್ಪತ್ತು. ಎರಡು ಆ್ಯಪ್ ಸೇರಿ ಮೂವತ್ತೈದು. ಹೆಂಡತಿಯ ಬಳೆ ಅಡವಿಟ್ಟದ್ದು ತೊಂಬತ್ತು. ಟೈರ್ ಅಂಗಡಿ ಎಂಬತ್ತು. ಕೂಡಿದೆ. ಐದು ಲಕ್ಷ ಮೂವತ್ತೈದು ಸಾವಿರ. ತಿಂಗಳ ಕಂತು, ಬಡ್ಡಿ ಎಲ್ಲ ಸೇರಿ ಇಪ್ಪತ್ತನಾಲ್ಕು ಸಾವಿರದ ಹತ್ತಿರ. ಹತ್ತು ವರ್ಷದಿಂದ ಮಕ್ಕಳಿಗೆ ಚಕ್ರಬಡ್ಡಿ ಕಲಿಸಿದವನು ನಾನು. ನನ್ನ ಬಡ್ಡಿಯನ್ನು ಒಂದು ಹಾಳೆಯ ಮೇಲೆ ನೋಡಿದ್ದು ಅವತ್ತೇ ಮೊದಲು.

ಅಕ್ಕಾರು ಹಾಳೆಯನ್ನು ದೂರ ಹಿಡಿದು ನೋಡಿದರು. ಟೈರ್ ಅಂಗಡಿಯ ಮೇಲೆ ಬೆರಳಿಟ್ಟರು. “ಇವನಿಗೆ ಇಲ್ಲೀಮಟ ಬಡ್ಡಿ ಎಷ್ಟು ಕೊಟ್ಟೀರಿ?”

“ಹದಿನಾಲ್ಕು ತಿಂಗಳು. ಒಂದು ಲಕ್ಷ ಹನ್ನೆರಡು ಸಾವಿರ.”

“ಅಸಲು?”

“ಹಂಗೇ ಐತೆ.”

“ಇದು ಮೊದ್ಲು ಹೋಗ್ಬೇಕು. ಬ್ಯಾಂಕಿನ ಸಾಲ ದೊಡ್ಡದು, ಆದ್ರೆ ಅದು ಕಾಯ್ತೈತೆ. ಇದು ಸಣ್ಣದು, ಕಾಯಲ್ಲ. ಬಡ್ಡಿ ಎಲ್ಲಿ ಜಾಸ್ತಿ ಐತೋ ಅಲ್ಲಿಂದ ಕೀಳ್ಬೇಕು.” ಹಾಳೆ ಮಡಚಿ ನನ್ನ ಜೇಬಿಗೆ ಅವರೇ ತುರುಕಿದರು. “ಇವತ್ತು ಮನೆಗೆ ಹೋಗಿ ಅಮ್ಮಾರಿಗೆ ಇದನ್ನ ತೋರಿಸ್ರಿ. ತೋರಿಸ್ದೆ ನಾಳೆ ನನ್ನ ಹತ್ರ ಬರಬ್ಯಾಡ್ರಿ.”

ನಾನು ತೋರಿಸಲಿಲ್ಲ. ಒಂದು ದಿನವಲ್ಲ, ಎಂಟು ದಿನ. ಹಾಳೆ ಜೇಬಿನಿಂದ ಜೇಬಿಗೆ ಬದಲಾಯಿತು. ಬೇವಿನ ಮರದ ಕೆಳಗೆ ಬೈಕು ಕಾಣಿಸಲಿಲ್ಲ. ಕಾಟ ತಪ್ಪಿತೆಂದುಕೊಂಡೆ. ಅಕ್ಕಾರು ಮಾತ್ರ ಖಾಲಿ ಮರದ ಕಡೆ ನೋಡಿ, “ಬರ್ತಿದ್ದೋನು ಬರ್ದಂಗಾದ್ರೆ ಅವನು ಬ್ಯಾರೆ ದಾರಿ ಹಿಡದಾನೆ ಅಂತ ತಿಳ್ಕಳ್ರಿ,” ಎಂದರು.

ಒಂಬತ್ತನೆಯ ದಿನ ಸಂಜೆ ನಾನು ಮನೆಗೆ ಹೋದಾಗ ಮಗಳು ಒಂದು ದೊಡ್ಡ ಚಾಕಲೇಟು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. “ಅಪ್ಪಾ, ನಿನ್ನ ಫ್ರೆಂಡ್ ಅಂತೆ, ಸ್ಕೂಲ್ ಹತ್ರ ಬಂದಿದ್ರು. ಇದು ನನಗೆ, ಇದು ನಿನಗೆ ಅಂತ ಕೊಟ್ರು.” ನನಗೆ ಕೊಟ್ಟಿದ್ದು ಒಂದು ಲಕೋಟೆ. ಅದಾಗಲೇ ಒಡೆದಿತ್ತು. ಒಳಗಿದ್ದುದು ನನ್ನ ಸಹಿಯ ಖಾಲಿ ಚೆಕ್ಕಿನ ಜೆರಾಕ್ಸ್. ಹೆಂಡತಿ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತಿದ್ದಳು. ಗ್ಯಾಸು ಹಚ್ಚಿರಲಿಲ್ಲ.

ಮಗಳನ್ನು ಪಕ್ಕದ ಮನೆಗೆ ಕಳಿಸಿ, ಜೇಬಿನ ಹಾಳೆ ತೆಗೆದು ಹೆಂಡತಿಯ ಮುಂದಿಟ್ಟೆ. ಅವಳು ಮೇಲಿನಿಂದ ಕೆಳಗೆ ಓದಿದಳು. ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದೆ. ಎದ್ದಳು. ಅಕ್ಕಿ ಡಬ್ಬದ ಹಿಂದೆ ಕೈಹಾಕಿ ಒಂದು ಸಣ್ಣ ಪಾಸ್‌ಬುಕ್ಕು ತೆಗೆದು ಹಾಳೆಯ ಮೇಲಿಟ್ಟಳು.

“ನೀವೊಬ್ರೇ ಮುಚ್ಚಿಟ್ಟೀರಿ ಅನ್ಕಂಡ್ರಾ? ನೀವು ಮನೆಗೆ ದುಡ್ಡು ಕೊಡದು ನಿಲ್ಲಿಸಿದ ಮ್ಯಾಲೆ ಈ ಮನೆ ಯಾವುದ್ರಾಗ ನಡೀತು ಅಂತ ಒಂದಿನ ಕೇಳಿದ್ರಾ?”

ಮಹಿಳಾ ಸಂಘದಲ್ಲಿ ನಲವತ್ತು ಸಾವಿರ, ಮೇಲಿನ ಮನೆಯವರಿಂದ ಹದಿನೈದು ಸಾವಿರ. ಒಂದೂವರೆ ವರ್ಷದಿಂದ ಒಂದೇ ಮನೆಯಲ್ಲಿ, ಒಂದೇ ತಟ್ಟೆಯ ಎದುರು ಕೂತು, ಇಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡು ಬದುಕಿದ್ದೆವು. ಅವಳೇ ಪೆನ್ನು ತೆಗೆದುಕೊಂಡು ಹಾಳೆಯ ಕೆಳಗೆ ಆ ಎರಡನ್ನು ಬರೆದಳು. ಐದು ಲಕ್ಷ ತೊಂಬತ್ತು ಸಾವಿರ.

ಮಾರನೆಯ ದಿನ ಅಕ್ಕಾರಿಗೆ ಎಲ್ಲ ಹೇಳಿದೆ. ಚಾಕಲೇಟಿನ ಮಾತು ಬಂದಾಗ ಅವರ ಮುಖ ಬಿಗಿಯಿತು. ಆಮೇಲಿನ ಹದಿನೈದು ದಿನ ಅವರು ಹೇಳಿದಂತೆ ನಾವಿಬ್ಬರೂ ನಡೆದೆವು. ಬಳೆ ಬಿಡಿಸಿ ಮಾರಿರಿ ಎಂದರು. ಅಡವಿನ ಬಂಗಾರಕ್ಕೆ ವರ್ಷಗಟ್ಟಲೆ ಬಡ್ಡಿ ಕಟ್ಟುವುದು ಕಂಡವರ ಬಳೆಗೆ ಬಾಡಿಗೆ ಕಟ್ಟಿದಂತೆ ಎಂಬುದು ಅವರ ಮಾತು. ಹೆಂಡತಿ ಆಗಲಿ ಎಂದಳು. ಒಂದು ಲಕ್ಷ ಅರವತ್ತೆರಡು ಸಾವಿರ ಬಂತು. ಅಡವಿನ ಸಾಲ, ಬಡ್ಡಿ ಕಳೆದು ಅರವತ್ತಾರು ಉಳಿಯಿತು. ಕೋಚಿಂಗ್ ಸೆಂಟರಿನ ಬೆಂಚು, ಫ್ಯಾನು ಮಾರಿ ಹದಿನೇಳು. ಟೈರ್ ಅಂಗಡಿಗೆ ಸಾಕಾಗುವಷ್ಟು ಕೂಡಿತು.

ಆ್ಯಪ್‌ನವರು ಅಷ್ಟರಲ್ಲಿ ನನ್ನ ಫೋನಿನಲ್ಲಿದ್ದ ಎಲ್ಲರಿಗೂ ಮೆಸೇಜು ಕಳಿಸಲು ಶುರು ಮಾಡಿದ್ದರು. ಮುಖ್ಯೋಪಾಧ್ಯಾಯರಿಗೂ ಒಂದು ಹೋಗಿತ್ತು, ‘ನಿಮ್ಮ ಶಿಕ್ಷಕ ಕಳ್ಳ’ ಎಂದು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು. ಅಕ್ಕಾರು, “ನಾಚಿಕಿ ಪಟ್ಕಂಡು ಅಳಿಸಬ್ಯಾಡ್ರಿ. ಎಲ್ಲಾ ಫೋಟೊ ಹೊಡ್ದು ಇಟ್ಕಂಡು ಠಾಣೆಗೆ ಹೋಗ್ರಿ. ಅಸಲು ಕೊಡ್ತೀನಿ, ಬೈಗುಳ ಕೇಳಲ್ಲ ಅಂತ ಬರ್ಕೊಡ್ರಿ,” ಎಂದರು. ಹೋದೆ. ದೂರು ತೆಗೆದುಕೊಂಡರು. ಬ್ಯಾಂಕಿಗೂ ಅವರೇ ಅಟ್ಟಿದರು. “ತಪ್ಪಿಸ್ಕಂಡು ಓಡಾಡೋನ್ನ ಹುಡುಕ್ತಾರೆ. ಎದುರಿಗೆ ಹೋಗಿ ಕುಂತೋನ ಜೊತೆ ಮಾತಾಡ್ತಾರೆ.” ನಿಜ. ಮ್ಯಾನೇಜರು ಅವಧಿ ಹೆಚ್ಚಿಸಿ ಕಂತು ಎರಡು ಸಾವಿರ ಇಳಿಸಿದರು.

ಟೈರ್ ಅಂಗಡಿಗೆ ಅಕ್ಕಾರು ನನ್ನ ಜೊತೆ ಬಂದರು. ಒಬ್ಬನೇ ಹೋಗಬಾರದು, ಬೆಳಗ್ಗೆ ಗಿರಾಕಿ ಇರುವಾಗಲೇ ಹೋಗಬೇಕು ಎಂದು ಅವರೇ ಹೇಳಿದ್ದರು. ಅಂಗಡಿಯವನು ಬಿಳಿ ಶರ್ಟಿನ, ಮೆತ್ತಗೆ ಮಾತಾಡುವ ಮನುಷ್ಯ. ಎಂಬತ್ತು ಸಾವಿರ ಎಣಿಸಿಕೊಂಡ. ಆಮೇಲೆ, “ಎರಡು ತಿಂಗಳ ಬಡ್ಡಿ, ಮ್ಯಾಲೆ ತಪ್ಪಿಸಿದ ದಂಡ?” ಎಂದ.

ಅಕ್ಕಾರು ಹೇಳಿದರು, “ಎಂಬತ್ತಕ್ಕೆ ಒಂದು ಲಕ್ಷ ಹನ್ನೆರಡು ಸಾವಿರ ಉಂಡೀರಿ ಅಣ್ಣಾರೆ. ಇವತ್ತು ಅಸಲು ಬಂತು. ಸಾಲ ಕೊಡಾಕ ನಿಮ್ಮ ಹತ್ರ ಲೈಸೆನ್ಸ್ ಐತೋ ಇಲ್ಲೋ ನಾ ಕೇಳಿಲ್ಲ. ಸರು ಠಾಣೆಗೆ ಹೋಗೋದು ಕಲ್ತಾರೆ. ಚೆಕ್ಕು ಕೊಡ್ರಿ.”

ಅವನು ಅವರನ್ನು ಒಂದು ಕ್ಷಣ ನೋಡಿ, ಗಲ್ಲಾದಿಂದ ಒಂದು ಚೆಕ್ಕು ತೆಗೆದು ಕೊಟ್ಟ. “ಇನ್ನೊಂದು ಎಲ್ಲೋ ಐತೆ. ಸಿಕ್ಕಾಗ ಕಳಿಸ್ತೀನಿ.”

“ಸಿಗೋ ತನಕ ಇಲ್ಲೇ ಇರ್ತೀವಿ.”

ಹಾಗೆಂದವರೇ ಅಂಗಡಿಯ ಮೆಟ್ಟಿಲ ಮೇಲೆ, ಹೋಗಿಬರುವವರ ದಾರಿಗೆ ಅಡ್ಡವಾಗಿ ಕೂತುಬಿಟ್ಟರು. ನಾನು ಪಕ್ಕದಲ್ಲಿ ನಿಂತೆ. ಅವರು ಕೂತ ರೀತಿ ನೋಡಿ ನನಗೆ ಒಳಗೇ ಅಳುಕಾಯಿತು. ಬೆನ್ನು ನೆಟ್ಟಗೆ, ಎರಡೂ ಅಂಗೈ ಮೊಣಕಾಲ ಮೇಲೆ, ಕಣ್ಣು ಅವನ ಮುಖದ ಮೇಲೆ. ಮಿಸುಕಲಿಲ್ಲ, ಬೆವರು ಒರೆಸಿಕೊಳ್ಳಲಿಲ್ಲ, ಮಾತಾಡಲಿಲ್ಲ. ಅದು ಸಿಟ್ಟಿನಿಂದ ಕೂತವರ ಕೂರುವಿಕೆ ಅಲ್ಲ. ಕಸುಬು ಬಲ್ಲವರದು. ಗಿರಾಕಿಗಳು ಅವರನ್ನು ದಾಟಿ ಹೋಗುತ್ತಾ ಏನಾಯಿತೆಂದು ಕೇಳತೊಡಗಿದರು. ಮುಕ್ಕಾಲು ಗಂಟೆಗೆ ಎರಡನೇ ಚೆಕ್ಕು ಸಿಕ್ಕಿತು.

ಬರುವಾಗ, “ಅಕ್ಕಾರೆ, ಹಂಗೆ ಕೂರೋದು ಎಲ್ಲಿ ಕಲಿತ್ರಿ?” ಎಂದೆ. ಅವರು ಸೆರಗು ಬಿಗಿದುಕೊಂಡು ಮುಂದೆ ನಡೆದರು. ಆ ದಿನ ಮಧ್ಯಾಹ್ನ ಅವರು ಊಟದ ಡಬ್ಬಿ ಬಿಚ್ಚಲಿಲ್ಲ ಎಂದು ಶಾಲೆಯ ಆಯಾ ಹೇಳಿದಳು.

ಉಳಿದದ್ದು ತೀರಲು ಮೂರೂವರೆ ವರ್ಷ ಹಿಡಿಯಿತು. ಅದರಲ್ಲಿ ಹೇಳುವಂಥ ಸಾಹಸವಿಲ್ಲ. ಬೈಕು ಮಾರಿ ಸೈಕಲ್ಲಿನಲ್ಲಿ ಶಾಲೆಗೆ ಬಂದೆ. ಕಾರ್ಡನ್ನು ಕತ್ತರಿಸಿದೆ. ಸಂಬಳದ ದಿನ ಅಕ್ಕಾರು ಗೇಟಿನಲ್ಲಿ ನಿಂತು, “ಮನೆಗೆ ಹೋಗೋಕಿಂತ ಮೊದ್ಲು ಕಟ್ರಿ. ಮನೆಗೆ ಹೋದ ದುಡ್ಡು ತಿರುಗಿ ಬರಲ್ಲ,” ಎನ್ನುತ್ತಿದ್ದರು. ಒಂದು ಸಾಲ ತೀರಿದಾಗ ಆ ಕಂತಿನ ಹಣವನ್ನು ಉಸಿರಾಡಲು ಬಿಡದೆ ಮುಂದಿನ ಸಾಲಕ್ಕೆ ಜೋಡಿಸಬೇಕು. ಟೈರ್ ಅಂಗಡಿಯ ಬಡ್ಡಿಗೆ ಹೋಗುತ್ತಿದ್ದ ತಿಂಗಳ ಎಂಟು ಸಾವಿರ ಆ್ಯಪ್‌ಗೆ ಹೋಯಿತು, ಆಮೇಲೆ ಕಾರ್ಡಿಗೆ, ಆಮೇಲೆ ಸಂಘಕ್ಕೆ, ಮೇಲಿನ ಮನೆಯವರಿಗೆ, ಕೊನೆಗೆ ಎಲ್ಲ ಸೇರಿ ಬ್ಯಾಂಕಿಗೆ. ತಿಂಗಳಿಗೆ ಐನೂರು ರೂಪಾಯಿ ಮಾತ್ರ ಬೇರೆ ಡಬ್ಬಿಯಲ್ಲಿ ಹಾಕಿಸಿದರು. ಜ್ವರ ಬಂದರೆ ಮತ್ತೆ ಸಾಲಕ್ಕೆ ಹೋಗಬಾರದಲ್ಲ, ಅದಕ್ಕೆ. ಅಷ್ಟೂ ದಿನ ಸಂಜೆ ಬಾಗಿಲು ಬಡಿದ ಸದ್ದಾದರೆ ನನ್ನ ಮಗಳು ತೆರೆಯುವ ಮೊದಲು ಕಿಟಕಿಯಿಂದ ಇಣುಕುತ್ತಿದ್ದಳು. ಸಾಲ ತೀರಿದ ಮೇಲೂ ಆ ಅಭ್ಯಾಸ ಹೋಗಿಲ್ಲ.

ಬ್ಯಾಂಕಿನ ಕೊನೆಯ ಕಂತು ಕಟ್ಟಿದ ವರ್ಷವೇ ಅಕ್ಕಾರು ನಿವೃತ್ತರಾದರು. ಶಾಲೆಯಲ್ಲಿ ಶಾಲು ಹೊದಿಸಿ, ಒಂದು ಗೋಡೆ ಗಡಿಯಾರ ಕೊಟ್ಟೆವು. ಎಲ್ಲ ಮುಗಿದ ಮೇಲೆ ನಾನು ಅವರ ಹತ್ತಿರ ಹೋಗಿ, “ನಿಮ್ಮ ಋಣ ಹೆಂಗೆ ತೀರಿಸ್ಲಿ ಅಕ್ಕಾರೆ?” ಎಂದೆ. ಬಾಯುಪಚಾರದ ಮಾತಾಗಿತ್ತು ಅದು. ಅವರು ನಿಜವೆಂದೇ ತೆಗೆದುಕೊಂಡರು.

“ಒಂದು ಕೆಲ್ಸ ಐತೆ. ಬರೋ ಭಾನುವಾರ ನನ್ನ ಜೊತೆ ಕೊಕ್ಕನೂರಿಗೆ ಬರ್ಬೇಕು. ಒಬ್ಳೇ ಹೋಗಾಕ ನನ್ನ ಕೈಲಿ ಆಗಲ್ಲ.”

ಯಾರಿಗೂ ಹೆದರದ ಹೆಂಗಸು ಹೀಗೆ ಹೇಳಿದ್ದು ಕೇಳಿ ನನಗೆ ಒಂಥರಾ ಆಯಿತು. ಏಕೆಂದು ಕೇಳಲಿಲ್ಲ. ದಾವಣಗೆರೆಯಿಂದ ಹರಿಹರದ ಬಸ್ಸು ಹತ್ತಿದ ಮೇಲೆ ಅವರೇ ಹೇಳಿದರು.

ಶಾಲೆಗೆ ಸೇರುವ ಮೊದಲು ಅವರಿದ್ದದ್ದು ಹರಿಹರದಲ್ಲಿ. ಗಂಡನ ಕಾರ್ಖಾನೆ ಮುಚ್ಚಿತ್ತು, ಆತ ಅದೇ ಕೊರಗಿನಲ್ಲಿ ಹೋಗಿದ್ದ. ಓಣಿಯ ಹತ್ತು ಹೆಂಗಸರು ಸೇರಿ ಒಂದು ಫೈನಾನ್ಸಿನಿಂದ ಗುಂಪು ಸಾಲ ತೆಗೆದುಕೊಂಡಿದ್ದರು. ಒಬ್ಬಳು ಕಟ್ಟದಿದ್ದರೆ ಉಳಿದ ಒಂಬತ್ತು ಮಂದಿ ಅವಳ ಪಾಲು ಕಟ್ಟಬೇಕು. ಅಕ್ಕಾರು ಆ ಗುಂಪಿನ ಮುಖ್ಯಸ್ಥೆ. ಅದರಲ್ಲಿ ಒಬ್ಬಳು ಸಣ್ಣ ಪ್ರಾಯದವಳು, ಎರಡು ಮಕ್ಕಳ ತಾಯಿ, ನಲವತ್ತು ಸಾವಿರ ತೆಗೆದು ಮಿರ್ಚಿ ಮಂಡಕ್ಕಿ ಗಾಡಿ ಇಟ್ಟಿದ್ದಳು. ಗಂಡ ಆಸ್ಪತ್ರೆ ಸೇರಿದ. ಗಾಡಿ ನಿಂತಿತು. ಮೂರು ವಾರ ಕಂತು ತಪ್ಪಿತು.

“ಫೈನಾನ್ಸಿನೋನು ಬಂದು, ಆಕಿ ಕಟ್ಟೋ ತನಕ ನಿಮಗ್ಯಾರಿಗೂ ಮುಂದಿನ ಸಾಲ ಇಲ್ಲ ಅಂದ. ನೀವೇ ಹೋಗಿ ಆಕಿ ಬಾಗ್ಲಾಗ ಕೂಡ್ರಿ ಅಂದ. ಕುಂತ್ವಿ ಸರ. ಉಳಿದೋರು ಒಂದೊಂದು ತಾಸು ಕುಂತು ಎದ್ದು ಹೋಗೋರು. ನಾ ಮುಖ್ಯಸ್ಥೆ ಅಲ್ಲಾ, ಮುಂಜಾನಿಂದ ದೀಪ ಹಚ್ಚೋ ತನಕ ನಾನೇ ಕೂಡ್ತಿದ್ದೆ. ಮೂರು ದಿನ.”

ಬಸ್ಸು ಹೆದ್ದಾರಿಯಲ್ಲಿ ಓಡುತ್ತಿತ್ತು. ಅವರು ಮುಂದಿನ ಸೀಟಿನ ಕಂಬಿ ಹಿಡಿದಿದ್ದರು.

“ಆಕಿ ಬಾಗ್ಲು ಹಾಕ್ಕಂಡು ಒಳಗಿದ್ಲು. ಹೊರಗೆ ಬಂದ್ರೆ ನನ್ನ ದಾಟಿ ಬರ್ಬೇಕಲ್ಲ. ನಲ್ಲಿ ಇರೋದು ಓಣ್ಯಾಗ. ಮೂರನೇ ದಿನ ಒಳಗೆ ಕೂಸು ನೀರು ಕೇಳ್ತು. ನನಗೆ ಕೇಳಿಸ್ತು ಸರ. ಒಂದು ಕೊಡ ತಂದು ಇಟ್ಟಿದ್ರೆ ಏನ್ ಆಗ್ತಿತ್ತು? ಏಳ್ಲಿಲ್ಲ ನಾನು. ಎದ್ರೆ ಆಕಿ ಓಡಿಹೋಗ್ತಾಳೆ ಅಂತ.”

ನಾಲ್ಕನೆಯ ದಿನ ಬೆಳಗ್ಗೆ ಹೋದಾಗ ಬಾಗಿಲು ತೆರೆದೇ ಇತ್ತು. ಒಳಗೆ ಯಾರೂ ಇರಲಿಲ್ಲ. ನೆಲ ಗುಡಿಸಿತ್ತು. ನಡುಮನೆಯಲ್ಲಿ ಗ್ಯಾಸಿನ ಒಲೆ, ಸಿಲಿಂಡರು, ಮಿಕ್ಸರು, ಎರಡು ಹಿತ್ತಾಳೆ ಕೊಡ, ಎಲ್ಲವನ್ನೂ ಸಾಲಾಗಿ ಜೋಡಿಸಿಟ್ಟು ಹೋಗಿದ್ದಳು. ತೆಗೆದುಕೊಂಡು ಹೋಗಿ ಎಂಬಂತೆ.

“ತಗಂಡ್ವಿ. ಮಿಕ್ಸರ್ ನಾನೇ ಹೊತ್ಕಂಡು ಹೋದೆ.”

ಆಸ್ಪತ್ರೆಯಲ್ಲಿ ಗಂಡನೂ ಇರಲಿಲ್ಲ. ಹರಿಹರದಲ್ಲಿ ಸಾಲಗಾರ ಕಾಣೆಯಾದರೆ ಜನ ಮೊದಲು ನೋಡುವುದು ಹೊಳೆಯ ಕಡೆ. ಅಕ್ಕಾರು ಮೂರು ದಿನ ತುಂಗಭದ್ರೆಯ ದಂಡೆಯುದ್ದಕ್ಕೂ ಅಡ್ಡಾಡಿದರು. ಸೇತುವೆ ಮೇಲೆ ಜನ ಗುಂಪುಗೂಡಿದರೆ ಓಡಿಹೋಗಿ ನೋಡುತ್ತಿದ್ದರು. ಏನೂ ಸಿಗಲಿಲ್ಲ. ಆಮೇಲೆ ಅವಳ ಉಳಿದ ಸಾಲವನ್ನು ಒಂಬತ್ತು ಮಂದಿ ಕಟ್ಟುವುದೆಂದಾಯಿತು. ಬೇಡ, ನಾನೇ ಕಟ್ಟುತ್ತೇನೆ ಎಂದರು ಅಕ್ಕಾರು. ಊರು ಬಿಟ್ಟು ದಾವಣಗೆರೆಯ ಆನೆಕೊಂಡಕ್ಕೆ ಬಂದು, ಶಾಲೆಯ ಸಂಬಳದಲ್ಲಿ ತಮ್ಮ ಸಾಲದ ಜೊತೆಗೆ ಅವಳದನ್ನೂ ತೀರಿಸಿ, ಬಾಕಿ ಇಲ್ಲ ಎಂಬ ಪತ್ರವನ್ನು ಅವಳ ಹೆಸರಿನಲ್ಲಿ ಬರೆಸಿಕೊಂಡಿದ್ದರು. ಆ ಪತ್ರ ಪ್ಲಾಸ್ಟಿಕ್ ಚೀಲದಲ್ಲಿ ಅವರ ಮಡಿಲಲ್ಲಿತ್ತು. ಅವಳು ಬದುಕಿದ್ದಾಳೆ, ಕೊಕ್ಕನೂರಿನಲ್ಲಿ ಭತ್ತದ ಗದ್ದೆಗಳಿಗೆ ಕೂಲಿಗೆ ಹೋಗುತ್ತಾಳೆ ಎಂದು ಅದರ ಹಿಂದಿನ ತಿಂಗಳಷ್ಟೇ ಯಾರೋ ಅವರಿಗೆ ಹೇಳಿದ್ದರು.

ಹರಿಹರದಲ್ಲಿ ಬಸ್ಸು ಬದಲಾಯಿಸಿದೆವು. ದಾರಿಯಲ್ಲಿ ಅವರ ತುಟಿ ಅಲ್ಲಾಡುತ್ತಿತ್ತು. “ತಪ್ಪಾತು ತಂಗಿ, ನಂದು ತಪ್ಪಾತು,” ಎಂದು ಪಾಠ ಒಪ್ಪಿಸುವ ಮಗುವಿನಂತೆ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದರು.

ಮನೆ ಕಾಲುವೆಯ ಆಚೆಗಿತ್ತು. ತಗಡಿನ ಮಾಡು, ಮುಂದೆ ಸಗಣಿ ಸಾರಿಸಿದ ಸಣ್ಣ ಅಂಗಳ. ಒಬ್ಬ ಹೆಂಗಸು ಅಕ್ಕಿ ಹಸನು ಮಾಡುತ್ತಾ ಹೊಸ್ತಿಲಲ್ಲಿ ಕೂತಿದ್ದಳು. ಮೂವತ್ತೈದು ಇರಬಹುದು, ಐವತ್ತರಂತೆ ಕಾಣುತ್ತಿದ್ದಳು. ಅಕ್ಕಾರು ಅಂಗಳದ ಅಂಚಿನಲ್ಲೇ ನಿಂತರು. ಅವಳು ತಲೆಯೆತ್ತಿದಳು.

ಮೊರ ಕೈಯಿಂದ ಜಾರಿತು. ಅಕ್ಕಿ ಚೆಲ್ಲಿತು. ಅವಳು ಎದ್ದು, ಗೋಡೆ ಹಿಡಿದು, ಒಂದೇ ಉಸಿರಿಗೆ, “ಕೊಡ್ತೀನಿ ಅಕ್ಕಾರೆ, ಕೊಡ್ತೀನಿ. ಕೂಡ್ರಬ್ಯಾಡ್ರಿ. ಇಲ್ಲಿ ಕೂಡ್ರಬ್ಯಾಡ್ರಿ,” ಎಂದಳು.

“ಇಲ್ಲವ್ವ, ನಾ ಇಸ್ಕಳಾಕ ಬಂದಿಲ್ಲ...”

ಅವಳಿಗೆ ಕೇಳಿಸಲಿಲ್ಲ. ಒಳಗೆ ಓಡಿದಳು. ಡಬ್ಬಿಗಳು ಉರುಳಿದ ಸದ್ದಾಯಿತು. ಬಾಗಿಲ ಕತ್ತಲೆಯಲ್ಲಿ ಹದಿನಾರು ಹದಿನೇಳರ ಒಬ್ಬ ಹುಡುಗಿ ಕಾಣಿಸಿಕೊಂಡಳು. ಅಮ್ಮನನ್ನು ನೋಡಿದಳು, ನಮ್ಮನ್ನು ನೋಡಿದಳು. ಏನೂ ಕೇಳದೆ, ಕಟ್ಟೆಯ ಮೇಲಿದ್ದ ಮಿಕ್ಸರನ್ನು ಎತ್ತಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಕ್ಕಾರು ಪತ್ರವನ್ನು ಮುಂದೆ ಚಾಚಿ ನಿಂತಿದ್ದರು. “ನಿನ್ನ ಸಾಲ ಎಂದೋ ತೀರೈತೆ ತಂಗಿ. ಇದನ್ನ ಕೊಟ್ಟು ಹೋಗಾಕ ಬಂದೀನಿ.” ಹೊರಬಂದ ಅವಳು ಪತ್ರ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. “ಸೈನ್ ಹಾಕಲ್ಲ. ಯಾವುದಕ್ಕೂ ಸೈನ್ ಹಾಕಲ್ಲ ನಾನು. ಇಕಾ, ಮುನ್ನೂರೈತೆ. ಉಳಿದದ್ದು ಶನಿವಾರ ಬಟವಾಡೆ ಆದಮ್ಯಾಲೆ ಕೊಡ್ತೀನಿ.” ಮುದುರಿದ ನೋಟುಗಳನ್ನು ಅಕ್ಕಾರ ಕಡೆಗೆ ಹಿಡಿದಳು. ನಾನು ಮಧ್ಯೆ ಹೋಗಿ ವಿವರಿಸಲು ನೋಡಿದೆ. ಅವಳು ನನ್ನನ್ನು ಫೈನಾನ್ಸಿನವನೆಂದು ತಿಳಿದು ಕೈಮುಗಿದಳು. ನಾನು ಮಾತು ನಿಲ್ಲಿಸಿದೆ.

ಅಕ್ಕಾರು ಅವಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮುಖ ಒರೆಸಿಕೊಂಡು, ದನಿ ಬದಲಿಸಿ, ಹಿಂದಿನ ಮುಖ್ಯಸ್ಥೆಯ ಗತ್ತಿನಲ್ಲಿ, “ತಾ ಇಲ್ಲಿ,” ಎಂದರು. ನೋಟುಗಳನ್ನು ತೆಗೆದುಕೊಂಡರು. ಅವಳಿಗೆ ಕೇಳುವಂತೆ ಒಂದೊಂದೇ ಎಣಿಸಿದರು. “ಮುನ್ನೂರು. ಸರಿ ಐತೆ. ಇದೇ ಕಡೀ ಕಂತು. ಲೆಕ್ಕ ಮುಗೀತು. ತಗ, ತೀರಿದ್ದಕ್ಕೆ ಕಾಗದ. ಸೈನ್ ಬ್ಯಾಡ.”

ಆಗ ಅವಳು ಪತ್ರ ತೆಗೆದುಕೊಂಡಳು. ಎರಡೂ ಕೈಯಲ್ಲಿ ಹಿಡಿದು, ತನ್ನ ಹೆಸರಿರುವ ಜಾಗದ ಮೇಲೆ ಬೆರಳಾಡಿಸಿದಳು. ಬಸ್ಸಿನುದ್ದಕ್ಕೂ ಕಲಿತುಕೊಂಡು ಬಂದಿದ್ದ ಮಾತನ್ನು ಅಕ್ಕಾರು ಆಡಲಿಲ್ಲ. ಆಡಿದ್ದರೆ ಅವಳು ಮತ್ತೆ ನಂಬುತ್ತಿರಲಿಲ್ಲ. ನೋಟುಗಳನ್ನು ಮುಷ್ಟಿಯಲ್ಲಿ ಹಿಡಿದು ತಿರುಗಿದರು. ನಾವು ಕಾಲುವೆಯ ಹತ್ತಿರ ಬರುವಷ್ಟರಲ್ಲಿ ಹಿಂದಿನಿಂದ ಕೂಗು ಕೇಳಿತು.

“ಅಕ್ಕಾರೆ, ಇನ್ನ ಬರಲ್ಲ ಅಲ್ಲೇನ್ರಿ?”

ಅಕ್ಕಾರು ನಿಂತರು. ತಿರುಗಿ ನೋಡಲಿಲ್ಲ.

“ಬರಲ್ಲವ್ವ,” ಎಂದರು. “ಇನ್ನ ಬರಲ್ಲ.”